ಊರ ಹತ್ತಿರದ ಉದ್ಯೋಗಕ್ಕೆ ಊರವರ ನೆರವು



ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿ ತೊಗರಿ, ಕಡಲೆಯ ರಾಶಿ ಮುಗಿದೊಡನೆ ಮಳೆಯಾಶ್ರಿತ ಹೊಲಗಳಲ್ಲಿ ಕೆಲಸ ಕಡಿಮೆಯಾಗುತ್ತದೆ. ಆಗ ಯುವಕರು ಹೈದರಾಬಾದ್, ಪುಣೆಯ ದಾರಿ ಹಿಡಿಯುತ್ತಾರೆ. ಆದರೆ ಆ ಎರಡು ನಗರಗಳನ್ನು ಕೂಡಿಸುವ ಹೆದ್ದಾರಿಯೇ ಇಲ್ಲಿಗೂ ಉದ್ಯೋಗ ತಂದಿದೆ. ಬಸವಕಲ್ಯಾಣದ ಆಟೋನಗರದಲ್ಲಿ ಲಾರಿಗೆ ಬಾಡಿ ಕಟ್ಟುವ, ವೆಲ್ಡಿಂಗ್ ಮಾಡುವ, ಬಣ್ಣ ಹಚ್ಚುವ, ಎಂಜಿನ್ ದುರಸ್ತಿಯ ಕೆಲಸಗಳಿವೆ. ಹುಮನಾಬಾದಿನಲ್ಲಿ ಕೈಗಾರಿಕಾ ಪ್ರದೇಶವಿದೆ.

ಸಣ್ಣ ಶೆಡ್ಡಿನವರು ಸಾಮಾನ್ಯವಾಗಿ ಪತ್ರಿಕೆಯಲ್ಲಿ ಜಾಹೀರಾತು ಕೊಡುವುದಿಲ್ಲ. ಗೊತ್ತಿದ್ದವರ ಮಾತಿನ ಮೇಲೆ ಆಳು ಸೇರಿಸಿಕೊಳ್ಳುತ್ತಾರೆ. ಆದ್ದರಿಂದ ಮಾಲು ಸಾಗಿಸುವ ಲಾರಿ ಮಾಲೀಕರು, ಅಡತಿ ಅಂಗಡಿಯವರು, ಬಿಡಿಭಾಗದ ವ್ಯಾಪಾರಿಗಳು, ಸಹಕಾರ ಸಂಘದ ಕಾರ್ಯದರ್ಶಿ ಇವರಿಗೆ ಮಗನ ಓದು, ಕಲಿತ ಕೆಲಸ, ಆಸಕ್ತಿಗಳನ್ನು ಸ್ಪಷ್ಟವಾಗಿ ತಿಳಿಸಬೇಕು. ಐ.ಟಿ.ಐ. ಪ್ರಮಾಣಪತ್ರವಿದ್ದರೆ ಆ ಮಾತಿಗೆ ಬಲ ಬರುತ್ತದೆ.

ಪರಿಚಯದಿಂದ ಬಾಗಿಲು ತೆರೆಯುತ್ತದೆ; ಸಂಕೋಚವೂ ಹುಟ್ಟುತ್ತದೆ. ‘ನಮ್ಮವರೇ’ ಎಂದು ಕೂಲಿಯ ಮಾತನ್ನೇ ಆಡದಿದ್ದರೆ, ಹುಡುಗ ವರ್ಷಗಟ್ಟಲೆ ಉಸ್ತಾದನ ಕೈಗೆ ಪಾನಾ ಕೊಡುತ್ತಲೇ ಉಳಿಯಬಹುದು. ಆದ್ದರಿಂದ ಸೇರುವ ಮೊದಲೇ ಈ ವಿಷಯಗಳನ್ನು ಬರೆಹದಲ್ಲಿ ಗೊತ್ತುಮಾಡಿಕೊಳ್ಳಿರಿ:

1. ತಿಂಗಳ ಸಂಬಳ, ಕೊಡುವ ದಿನ.
2. ಕೆಲಸದ ವೇಳೆ, ವಾರದ ರಜೆ.
3. ಕಲಿಸುವ ಕೆಲಸ, ಕಲಿಕೆಯ ಅವಧಿ.
4. ಗಾಯವಾದರೆ ಚಿಕಿತ್ಸೆಯ ಹೊಣೆ.

ಮುಂಗಡ ಹಣ ಪಡೆದು ಮಗನನ್ನು ದುಡಿಮೆಗೆ ಬಿಡಬಾರದು. ಜೀತಪದ್ಧತಿಯನ್ನು 1976ರ ಕಾಯ್ದೆ ನಿಷೇಧಿಸಿದೆ. ದೊಡ್ಡ ಕಾರ್ಖಾನೆಗಳಲ್ಲಿ 1961ರ ಅಪ್ರೆಂಟಿಸ್ ಕಾಯ್ದೆಯಂತೆ ತರಬೇತಿ ಹಾಗೂ ಶಿಷ್ಯವೇತನ ದೊರೆಯುವುದೇ ಎಂದು ವಿಚಾರಿಸಿರಿ.

ನೆಂಟರೂ ಪರಿಚಯದವರೂ ಇಲ್ಲದ ಮನೆಗಳು ಪ್ರತಿ ಊರಿನಲ್ಲಿಯೂ ಇವೆ. ಅಂಥ ಮನೆಯ ಮಕ್ಕಳ ಹೆಸರನ್ನು ಸಹಕಾರ ಸಂಘ, ಸ್ವಸಹಾಯ ಸಂಘಗಳು ಮೊದಲು ಬರೆದುಕೊಂಡು ಉದ್ಯಮಿಗಳಿಗೆ ತಿಳಿಸಿದರೆ, ಒಬ್ಬರ ಪರಿಚಯ ಊರಿಗೆಲ್ಲ ಉಪಯೋಗವಾಗುವುದು.