ಟಪಾಲಿನ ಚೀಟಿಯೂ ನಾವೂ
(ಸಂಘದ ಕೂಟದಲ್ಲಿ ಓದಿದ ಭಾಷಣ)



ದಿಲ್ಲಿಯ ಡಾಕ್ ಭವನದಲ್ಲಿರುವ ರಾಷ್ಟ್ರೀಯ ಅಂಚೆಚೀಟಿ ಸಂಗ್ರಹಾಲಯಕ್ಕೆ ನಾವು ಕೆಲವರು ಹೋಗಿ ಬಂದೆವು. 1968ರಲ್ಲಿ ತೆರೆದದ್ದು. ಚೀಟಿ ಕೂಡಿಸುವುದು ಉಳ್ಳವರ ಹವ್ಯಾಸ, ಅದನ್ನು ನೋಡಲು ರಜೆಯೇಕೆ ಕಳೆಯಬೇಕು ಎಂದು ನಕ್ಕವರೂ ನಮ್ಮಲ್ಲಿದ್ದರು.

ಅಲ್ಲಿ ಸಿಂಧ್ ಡಾಕ್ ಚೀಟಿಯಿದೆ. ಬಾರ್ಟಲ್ ಫ್ರೀರ್ ಸಾಹೇಬರು 1852ರಲ್ಲಿ ಸಿಂಧ್ ಪ್ರಾಂತದಲ್ಲಿ ಹೊರಡಿಸಿದ ಇದು ಏಷ್ಯಾಖಂಡಕ್ಕೇ ಮೊದಲನೆಯದು. ಅರಗಿನಲ್ಲಿ ಮಾಡಿದ ಕೆಂಪು ಚೀಟಿ ಮುರಿದುಹೋಗುತ್ತಿತ್ತು. ಬಿಳಿಯ ಕಾಗದದ ಮೇಲಿನ ಉಬ್ಬು ಚೀಟಿ ದೀಪದ ಬೆಳಕಿಗೆ ಕಾಣುತ್ತಿರಲಿಲ್ಲ. ಆಮೇಲೆ ನೀಲಿಯದನ್ನು ತಂದರು.

ನಮಗೆ ಮುಖ್ಯವಾದದ್ದು 1854. ಅದಕ್ಕೆ ಮೊದಲು ದೂರ ಹೆಚ್ಚಿದಂತೆ ದರವೂ ಹೆಚ್ಚು. 1837ರ ಕಾಯಿದೆಯಂತೆ ಕಲ್ಕತ್ತೆಯಿಂದ ಮುಂಬಯಿಗೆ ಒಂದು ತೊಲ ತೂಕದ ಕಾಗದಕ್ಕೆ ಒಂದು ರೂಪಾಯಿ! ಕೂಲಿಯವನು ಬರೆಯುವುದೆಲ್ಲಿ ಬಂತು? 1854ರಲ್ಲಿ ಹಗುರ ಕಾಗದಕ್ಕೆ ಅರ್ಧ ಆಣೆಯಾಯಿತು. ದೇಶದೊಳಗೆ ಎಷ್ಟು ದೂರವಾದರೂ ಅಷ್ಟೇ. 1879ರಲ್ಲಿ ಕಾರ್ಡು ಬಂತು, ಕಾಲಾಣೆಗೆ. ಊರು ಬಿಟ್ಟು ದುಡಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದು?

ನಮ್ಮ ಮೈಸೂರಿನಲ್ಲಿ ಇದಕ್ಕೂ ಬಹಳ ಹಿಂದೆಯೇ, 1672ರಲ್ಲಿ, ಚಿಕ್ಕದೇವರಾಜ ಒಡೆಯರು ಅಂಚೆ ಏರ್ಪಡಿಸಿದ್ದರು. ಅಂಚೆಯವರು ಕಾಗದ ಸಾಗಿಸುವುದರ ಜೊತೆಗೆ ಊರ ಸುದ್ದಿಯನ್ನೂ ಅರಮನೆಗೆ ಮುಟ್ಟಿಸಬೇಕಿತ್ತಂತೆ! 1889ರಲ್ಲಿ ಆ ಅಂಚೆ ಬ್ರಿಟಿಷರ ಟಪಾಲಿನಲ್ಲಿ ಸೇರಿತು. ಹೆಸರು ಮಾತ್ರ ಕನ್ನಡದಲ್ಲಿ ಉಳಿಯಿತು.

ಇನ್ನು ಮನಿಯಾರ್ಡರಿನ ಮಾತು. ದುಡ್ಡು ಕಳಿಸುವ ಕೆಲಸ ಮೊದಲು ಸರ್ಕಾರಿ ಖಜಾನೆಗಳದಾಗಿತ್ತು. 1880ರಲ್ಲಿ ಅಂಚೆಗೆ ಬಂದದ್ದರಿಂದ ಹಣ ಹಳ್ಳಿಯ ಬಾಗಿಲಿಗೇ ಹೋಯಿತು. ಫಾರಮ್ಮಿನ ತುದಿಯಲ್ಲಿ ಒಂದು ಕೂಪನ್, ನಾಲ್ಕು ಸಾಲಿನ ಜಾಗ. ಗಲ್ಲೆಯ ಮೇಲೆ ಕೂತ ಅಣ್ಣನೋ, ಓದು ಬಂದ ಸಪ್ಲೈಯರನೋ ಬರೆದುಕೊಡುತ್ತಿದ್ದರು: ಕ್ಷೇಮ, ತಂಗಿಯ ಮದುವೆಗೆ ಇಷ್ಟು, ಅಂಗಡಿ ಸಾಲಕ್ಕೆ ಇಷ್ಟು, ದೀಪಾವಳಿಗೆ ಬರಲಾಗದು. ಹಣ ಅಂದೇ ಖರ್ಚಾಗುತ್ತಿತ್ತು. ಕೂಪನ್ನು ತಾಯಿಯ ಪೆಟ್ಟಿಗೆಯಲ್ಲಿ ಉಳಿಯುತ್ತಿತ್ತು.

ರಾಜರ ತಲೆಯಿರುವ ಚೀಟಿಗಳನ್ನು ಗಾಜಿನಡಿ ಇಟ್ಟಿದ್ದಾರೆ, ಇಡಲಿ. ಗಿರಣಿಯವರ, ಹೋಟೆಲಿನವರ ಚರಿತ್ರೆ ಇರುವುದು ಈ ಕೂಪನ್ನುಗಳಲ್ಲಿ. ಅವನ್ನು ಕಾಯುವವರು ಯಾರೂ ಇಲ್ಲ. ಈಗ ಹಣ ಮೊಬೈಲಿನಲ್ಲಿ ಗಳಿಗೆಯೊಳಗೆ ಸೇರುತ್ತದೆ, ಒಳ್ಳೆಯದೇ. ಹಳೆಯ ಪೆಟ್ಟಿಗೆಗಳನ್ನು ಮಾತ್ರ ಮಕ್ಕಳು ಮಳೆಗಾಲದಲ್ಲಿ ಒಲೆಗೆ ಹಾಕುತ್ತಿದ್ದಾರೆ. ರಜೆಗೆ ಊರಿಗೆ ಹೋಗುವ ಸದಸ್ಯರು ಅಟ್ಟ ಹತ್ತಿ ನೋಡಬೇಕು. ಸಿಕ್ಕಿದ ಕಾರ್ಡು, ಕೂಪನ್ನುಗಳನ್ನು ಸಂಘದ ವಾಚನಾಲಯಕ್ಕೆ ತರಬೇಕು. ಒಂದು ಬೀರು ಖಾಲಿ ಮಾಡಿಸಿದ್ದೇವೆ.