ಅಂತಿಮ ಪಟ್ಟಿ ಮತ್ತು ಅರಿವು ಕೇಂದ್ರ



ಈ ಸಾಹಿತ್ಯ ಸಮ್ಮೇಳನದ ಮೆರವಣಿಗೆ ಮುಗಿಯುವಷ್ಟರಲ್ಲಿ ಬಿಸಿಲು ಏರಿತು. ಅಧ್ಯಕ್ಷರಾದವರು ಕವಿರಾಜಮಾರ್ಗದಿಂದ ಶುರು ಮಾಡಿ ಇಂದಿನವರೆಗೆ ಬರಬೇಕೆಂಬ ರೂಢಿ ಇದೆ. ಆ ದಾರಿ ಹಿಡಿದರೆ ನಿಮಗೆ ಊಟ ತಪ್ಪುತ್ತದೆ. ಆದ್ದರಿಂದ ನಾನು ಕಾದಂಬರಿಯ ಬಗ್ಗೆ ಮಾತ್ರ ಮಾತಾಡುತ್ತೇನೆ, ಅದರಲ್ಲೂ ದೊಡ್ಡ ಬಹುಮಾನಗಳ ಅಂತಿಮ ಪಟ್ಟಿಗೆ ಹೋಗಿ ನಿಲ್ಲುವ ಕಾದಂಬರಿಗಳ ಬಗ್ಗೆ.

2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹಿಗ್ಗಿದೆವು. ಆದರೆ ಬಹುಮಾನ ಪಡೆದ ಆ ಪುಸ್ತಕ ಕಾದಂಬರಿಯಲ್ಲ, ಹನ್ನೆರಡು ಕಥೆಗಳ ಸಂಕಲನ. ಕನ್ನಡ ಕಾದಂಬರಿಗಳ ಲೆಕ್ಕ ತೆಗೆದರೆ ನನಗೆ ಮುಖ್ಯವಾಗಿ ಕಾಣುವ ಹೆಸರು ಎರಡು. ಯು. ಆರ್. ಅನಂತಮೂರ್ತಿಯವರ ‘ಭಾರತೀಪುರ’ ಸುಶೀಲಾ ಪುನೀತಾ ಅವರ ಇಂಗ್ಲಿಷ್ ಅನುವಾದದಲ್ಲಿ 2012ರ ಡಿಎಸ್‌ಸಿ ದಕ್ಷಿಣ ಏಷ್ಯಾ ಸಾಹಿತ್ಯ ಬಹುಮಾನದ ಅಂತಿಮ ಪಟ್ಟಿಗೆ ಬಂತು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಶ್ರೀನಾಥ್ ಪೇರೂರ್ ಅವರ ಅನುವಾದದಲ್ಲಿ 2018ರ ಡಬ್ಲಿನ್ ಸಾಹಿತ್ಯ ಪ್ರಶಸ್ತಿಯ ಅಂತಿಮ ಹತ್ತರಲ್ಲಿ ನಿಂತಿತು. ಎರಡೂ ಗೆಲ್ಲಲಿಲ್ಲ. ಮೊದಲನೆಯದರಲ್ಲಿ ಶ್ರೀಲಂಕಾದ ಶೆಹಾನ್ ಕರುಣತಿಲಕ ಗೆದ್ದರು, ಎರಡನೆಯದರಲ್ಲಿ ಐರ್ಲೆಂಡಿನ ಮೈಕ್ ಮೆಕಾರ್ಮಕ್. ಗೆಲ್ಲದಿದ್ದರೆ ಏನಾಯಿತು? ಪಟ್ಟಿಗೆ ಬಂದದ್ದರಿಂದಲೇ ಆ ಪುಸ್ತಕಗಳು ಹೊಸ ಓದುಗರ ಕೈಗೆ ಹೋದವು. ನನ್ನ ಮಟ್ಟಿಗೆ ಬಹುಮಾನಕ್ಕಿಂತ ಅಂತಿಮ ಪಟ್ಟಿಯೇ ಹೆಚ್ಚು ಉಪಕಾರಿ. ಬಹುಮಾನ ಒಬ್ಬರಿಗೆ ಹಾರ ಹಾಕುತ್ತದೆ, ಪಟ್ಟಿ ಐದಾರು ಪುಸ್ತಕಗಳಿಗೆ ಓದುಗರನ್ನು ಹುಡುಕಿಕೊಡುತ್ತದೆ.

‘ಭಾರತೀಪುರ’ ಮೊದಲು ಅಚ್ಚಾದದ್ದು 1973ರಲ್ಲಿ. ಇಷ್ಟೊಂದು ಹಳೆಯ ಗುಡಿಗಳಿರುವ ಶಿರವಾಳದಲ್ಲಿ ನಿಂತು ಆ ಕಾದಂಬರಿಯನ್ನು ನೆನೆಯದೆ ಇರಲಾರೆ. ಇಂಗ್ಲೆಂಡಿನಲ್ಲಿ ಓದಿ ಬಂದ ಜಗನ್ನಾಥ ದಲಿತರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯಬೇಕೆಂದು ಹೊರಡುತ್ತಾನೆ. ಅದಕ್ಕೂ ಮುಂಚೆ ಮನೆಯ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು, ಮುಟ್ಟಿ ಎಂದು ಅವರ ಮುಂದೆ ಹಿಡಿಯುತ್ತಾನೆ. ಅವರು ಹೆದರಿ ಹಿಂದೆ ಸರಿಯುತ್ತಾರೆ. ಇವನಿಗೆ ಸಿಟ್ಟು ಬರುತ್ತದೆ, ಗದರಿಸುತ್ತಾನೆ. ಕೊನೆಗೆ ಅವರು ಮುಟ್ಟುತ್ತಾರೆ, ಆದರೆ ಒಡೆಯನ ಭಯಕ್ಕೆ ಮುಟ್ಟುತ್ತಾರೆ. ಬಿಡಿಸಲು ಹೋದವನೇ ಆ ಹೊತ್ತಿಗೆ ದಣಿಯಾಗಿಬಿಟ್ಟಿರುತ್ತಾನೆ. ಅಂಥ ದಣಿಗಳನ್ನು ನಮ್ಮ ಹಳ್ಳಿಗಳಲ್ಲಿ ನಾವು ನೋಡಿಲ್ಲವೇ? ಊರ ಉದ್ಧಾರಕ್ಕೆಂದು ಬಂದು ಊರವರನ್ನೇ ಗದರಿಸುವವರು ಇವತ್ತಿಗೂ ಇದ್ದಾರೆ. ಮಲೆನಾಡಿನ ಕಥೆ ಬಯಲುಸೀಮೆಯ ಅಂಗಳದಲ್ಲೂ ನಿಲ್ಲುತ್ತದೆ ಎಂದ ಮೇಲೆ ಅದು ಹೊರಗಿನ ಪಟ್ಟಿಗೆ ಹೋದದ್ದು ಆಶ್ಚರ್ಯವಲ್ಲ. ಹೋಗಲು ಸುಮಾರು ನಾಲ್ಕು ದಶಕ ಹಿಡಿಯಿತಲ್ಲ, ಯೋಚಿಸಬೇಕಾದದ್ದು ಅದನ್ನು.

ಯಾಕೆ ತಡವಾಗುತ್ತದೆ? ಅಂತರರಾಷ್ಟ್ರೀಯ ಬೂಕರ್‌ಗೆ ಪುಸ್ತಕ ಇಂಗ್ಲಿಷಿಗೆ ಬಂದರೆ ಸಾಲದು, ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಪ್ರಕಟವಾಗಬೇಕು. ಅಲ್ಲಿನ ಪ್ರಕಾಶಕರೇ ಕಳಿಸಬೇಕು. ಅಂದರೆ ಶಹಾಪುರದಲ್ಲೋ ಸುರಪುರದಲ್ಲೋ ಕೂತು ಒಬ್ಬರು ಎಷ್ಟೇ ಚಲೋ ಕಾದಂಬರಿ ಬರೆದರೂ, ನಡುವೆ ಅನುವಾದಕರು ಒಬ್ಬರು, ಪ್ರಕಾಶಕರು ಒಬ್ಬರು ಸಿಗುವ ತನಕ ಅದು ಆ ಬಾಗಿಲಿಗೇ ಹೋಗದು. ಹಾಗಾಗಿ ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಕೃತಿ ಕಳಪೆ ಎಂದು ಯಾರೂ ತಿಳಿಯಬೇಕಿಲ್ಲ.

ಡಬ್ಲಿನ್ ಪ್ರಶಸ್ತಿಯ ಪದ್ಧತಿ ಮಾತ್ರ ನನಗೆ ಬಹಳ ಹಿಡಿಸಿದೆ. ಅಲ್ಲಿ ಪುಸ್ತಕಗಳನ್ನು ಸೂಚಿಸುವವರು ಪ್ರಕಾಶಕರಲ್ಲ, ನಾನಾ ದೇಶಗಳ ಗ್ರಂಥಾಲಯಗಳು. ತೀರ್ಪುಗಾರರು ಆಮೇಲೆ ಬರುತ್ತಾರೆ. ಬಹುಮಾನ ಒಂದು ಲಕ್ಷ ಯೂರೊ. ಗೆದ್ದದ್ದು ಅನುವಾದವಾಗಿದ್ದರೆ ಅದರಲ್ಲಿ ಇಪ್ಪತ್ತೈದು ಸಾವಿರ ಅನುವಾದಕರಿಗೆ.

ಇನ್ನು ನಮ್ಮ ಕಲ್ಯಾಣ ಕರ್ನಾಟಕದ ಸೀಮೆಯ ಮಾತು. ನಮ್ಮನ್ನು ಕಾದಂಬರಿಗೆ ಪರಕೀಯರು ಎಂದು ಯಾರೂ ಹೇಳಲಾಗದು. ಸುರಪುರದಲ್ಲಿ 1841ರಿಂದ 1853ರವರೆಗೆ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಕಾದಂಬರಿಕಾರನೇ. ಠಗ್ಗರ ಮೇಲಿನ ಅವನ ಕಾದಂಬರಿ 1839ರಲ್ಲೇ ಲಂಡನ್ನಿನಲ್ಲಿ ಅಚ್ಚಾಗಿ ಹೆಸರು ಮಾಡಿತ್ತು. ಸುರಪುರದ ಸಂಸ್ಥಾನ, ಬಾಲಕ ರಾಜ ವೆಂಕಟಪ್ಪ ನಾಯಕ ಇವರೆಲ್ಲ ಅವನ ಆತ್ಮಕಥೆಯ ಮೂಲಕ ಇಂಗ್ಲಿಷ್ ಓದುಗರಿಗೆ ಗೊತ್ತಾದರು. ನಮ್ಮ ಕಥೆಯನ್ನು ಹೊರಗಿನವನು ಹೇಳಿದ, ಅವನ ಕಣ್ಣಿಗೆ ಕಂಡಷ್ಟು ಹೇಳಿದ. ನಿಜಾಮರ ಕಾಲದಲ್ಲಿ ಇಲ್ಲಿಯ ಶಾಲೆಗಳಲ್ಲಿ ಉರ್ದುವಿನದೇ ಮೇಲುಗೈ, ಆ ಕಾಲ ಮುಗಿಯಲು 1948ರ ತನಕ ಕಾಯಬೇಕಾಯಿತು.

ಆಮೇಲೆ ಕಲಬುರಗಿ ಮಿಲ್ಲಿನ ಕಾರ್ಮಿಕನ ಮಗಳು ಗೀತಾ ನಾಗಭೂಷಣ ಬಂದರು. ಅವರ ‘ಬದುಕು’ ಕಾದಂಬರಿ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಲೇಖಕಿ ನಮ್ಮ ಸೀಮೆಯವರು, ಮತ್ತು ಕಲಬುರಗಿಯ ಆಡುಮಾತನ್ನೇ ನಂಬಿ ಬರೆದವರು. ಯುವ ಲೇಖಕರು ನನ್ನ ಹತ್ತಿರ ಬಂದು, ‘ಸರ್, ನಮ್ಮ ಕಡಿ ಮಾತು ಹಾಕಿದರ ಬೆಂಗಳೂರವರಿಗಿ ತಿಳಿತದೇನ್ರಿ?’ ಎಂದು ಕೇಳುತ್ತಾರೆ. ಗೀತಕ್ಕ ಆ ಪ್ರಶ್ನೆಗೆ ಬರೆದೇ ಉತ್ತರ ಕೊಟ್ಟಿದ್ದಾರೆ. ನಂಜನಗೂಡಿನ ಸೀಮೆಯ ನುಡಿಯಲ್ಲಿ ಬಂದ ದೇವನೂರ ಮಹಾದೇವರ ‘ಕುಸುಮಬಾಲೆ’ಗೂ 1990ರಲ್ಲಿ ಅದೇ ಪ್ರಶಸ್ತಿ ಬಂತು. ಅದು ನಮಗೆ ತಿಳಿಯಿತಲ್ಲ, ಕಷ್ಟಪಟ್ಟಾದರೂ ಓದಿದೆವಲ್ಲ. ಹಾಗೇ ನಮ್ಮದನ್ನೂ ಅವರು ಕಷ್ಟಪಟ್ಟು ಓದಲಿ. ತೊಗರಿ ಹೊಲ, ಗುಳೆ ಹೋದವರ ಮನೆಯ ಬೀಗ, ಅಜ್ಜಿಯ ಹತ್ತಿರ ಉಳಿದ ಕೂಸು, ಇವೆಲ್ಲ ಇನ್ನೂ ದೊಡ್ಡ ಕಾದಂಬರಿಗಾಗಿ ಕಾದಿವೆ. ಮುಂದೆಂದೋ ಬರುವ ಅನುವಾದಕರಿಗೆ ಸುಲಭವಾಗಲೆಂದು ಈಗಲೇ ಮಾತನ್ನು ನುಣುಪು ಮಾಡಿ ಬರೆಯಬೇಡಿ.

ಓದುಗರಿಗೂ ಒಂದು ಕೆಲಸ ಇದೆ. ಮನೆ ಕಂದಾಯದ ಜೊತೆ ನಾವು ಗ್ರಂಥಾಲಯ ಕರ ಕಟ್ಟುತ್ತೇವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿಗೆ ಹೋಗಿ ನೋಡಿದರೆ ಬಹುತೇಕ ಪೇಪರ್ ಓದುವವರು, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರು. ತಪ್ಪೇನಿಲ್ಲ, ನೌಕರಿ ಬೇಕು. ಆದರೆ ಕಾದಂಬರಿಯ ಕಪಾಟಿನ ಮುಂದೆ ಯಾರೂ ಇರುವುದಿಲ್ಲ.

ಡಬ್ಲಿನ್ನಿನವರು ಗ್ರಂಥಾಲಯಗಳನ್ನು ಕೇಳಿ ಪಟ್ಟಿ ಮಾಡಬಹುದಾದರೆ ಶಹಾಪುರ ತಾಲ್ಲೂಕಿನವರಿಗೆ ಯಾಕೆ ಆಗಬಾರದು? ಪ್ರತಿ ಅರಿವು ಕೇಂದ್ರದ ಓದುಗರು ವರ್ಷಕ್ಕೆ ಎರಡು ಕಾದಂಬರಿ ಸೂಚಿಸಲಿ, ಅದರಲ್ಲಿ ಒಂದು ಕಲ್ಯಾಣ ಕರ್ನಾಟಕದ್ದಿರಲಿ. ಓದಲು ಬಾರದ ತಾಯಂದಿರನ್ನು ಸಂಜೆ ಕೂಡಿಸಿ ಓದಿ ಹೇಳಲಿ, ಅವರ ಅಭಿಪ್ರಾಯಕ್ಕೂ ಒಂದು ಮತ ಇರಲಿ. ಹಾಗೆ ಬಂದ ಹೆಸರುಗಳಲ್ಲಿ ಐದನ್ನು ಮುಂದಿನ ಸಮ್ಮೇಳನದ ವೇದಿಕೆಯಲ್ಲಿ ಓದಿ ಹೇಳೋಣ. ಬಹುಮಾನದ ಹಣ ಇಲ್ಲದಿದ್ದರೂ ನಡೆಯುತ್ತದೆ. ಆ ಐದು ಪುಸ್ತಕಗಳು ತಾಲ್ಲೂಕಿನ ಎಲ್ಲ ಕೇಂದ್ರಗಳಿಗೂ ಬರುವಂತೆ ಪಂಚಾಯಿತಿಗಳು ನೋಡಿಕೊಂಡರೆ ಸಾಕು. ಸಂಜೆಯ ಬಹಿರಂಗ ಅಧಿವೇಶನದಲ್ಲಿ ಇದನ್ನು ನಿರ್ಣಯವಾಗಿ ಮಂಡಿಸುತ್ತೇನೆ. ದಯವಿಟ್ಟು ಊಟ ಮುಗಿಸಿ ಮನೆಗೆ ಹೋಗದೆ, ಕೈ ಎತ್ತಲು ಇಲ್ಲೇ ಇರಿ.