ಗುಂಡುತೋಪು: ಊರು ತಾನೇ ಕಟ್ಟಿಕೊಂಡ ಉದ್ಯಾನ

(ತ್ಯಾಮಗೊಂಡ್ಲುವಿನಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಸಾರ್ವಜನಿಕ ಉದ್ಯಾನವೆಂದೊಡನೆ ಈ ಸೀಮೆಯವರಿಗೆ ಬೆಂಗಳೂರಿನ ಲಾಲ್‌ಬಾಗ್ ನೆನಪಾಗುವುದು ಸಹಜ. 1760ರಲ್ಲಿ ಹೈದರಾಲಿ ಆರಂಭಿಸಿದ ಆ ತೋಟಕ್ಕೆ ಹೊಸ ರೂಪ ನೀಡಿದವರಲ್ಲಿ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಪ್ರಮುಖರು. 1865ರಲ್ಲಿ ಡ್ರೆಸ್ಡನ್ ನಗರದ ಸಮೀಪ ಜನಿಸಿದ ಅವರು ಲಂಡನ್ನಿನ ಹೈಡ್ ಪಾರ್ಕಿನಲ್ಲಿಯೂ ಕ್ಯೂ ಸಸ್ಯೋದ್ಯಾನದಲ್ಲಿಯೂ ದುಡಿದು, 1893ರಲ್ಲಿ ಬರೋಡಾ ಸಂಸ್ಥಾನಕ್ಕೆ ಬಂದರು. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, 1932ರಲ್ಲಿ ನಿವೃತ್ತರಾದರು.

ಅವರು ಕೆಲಸ ಕಲಿತ ಹೈಡ್ ಪಾರ್ಕಿನ ಚರಿತ್ರೆಯು ಗಮನಾರ್ಹವಾದುದು. ಅದು ಮೊದಲಿಗೆ ಇಂಗ್ಲೆಂಡಿನ ಅರಸರ ಬೇಟೆಯ ಕಾಡಾಗಿತ್ತು. 1637ರಲ್ಲಿ ಒಂದನೆಯ ಚಾರ್ಲ್ಸ್ ಅದನ್ನು ಜನರಿಗೆ ತೆರೆದನು. ಯುರೋಪಿನ ಅನೇಕ ನಗರಗಳ ದೊಡ್ಡ ಉದ್ಯಾನಗಳು ಹೀಗೆ ಅರಮನೆಯ ಸ್ವತ್ತಾಗಿದ್ದು, ಕಾಲಾಂತರದಲ್ಲಿ ಜನರಿಗೆ ದೊರೆತವು. ಲಾಲ್‌ಬಾಗ್ ಕೂಡ ದೊರೆಯ ತೋಟವಾಗಿಯೇ ಹುಟ್ಟಿದುದು.

ಬೆಂಗಳೂರಿನ ಬೀದಿಗಳಿಗೆ ಸಂಬಂಧಿಸಿದಂತೆ ಕ್ರುಂಬಿಗಲ್ ಅವರ ಹೆಸರಿನೊಂದಿಗೆ ಮುಖ್ಯವಾಗಿ ಕೇಳಿಬರುವುದು ಅನುಕ್ರಮ ಪುಷ್ಪದ ಕಲ್ಪನೆ. ಒಂದು ಜಾತಿಯ ಮರದ ಹೂವು ಉದುರುವ ಹೊತ್ತಿಗೆ ಮತ್ತೊಂದು ಜಾತಿ ಅರಳಬೇಕು. ವರ್ಷದ ಯಾವ ತಿಂಗಳಲ್ಲಿಯೂ ನಗರವು ಹೂವಿಲ್ಲದೆ ಇರಬಾರದು. ಬೇಸಿಗೆಯ ಮೊದಲಲ್ಲಿ ಜಕರಾಂಡದ ನೇರಳೆ ಬಣ್ಣ, ಅನಂತರ ಗುಲ್‌ಮೊಹರಿನ ಕೆಂಪು. ಗಿಡ ನೆಡುವ ಮುನ್ನ ಹನ್ನೆರಡು ತಿಂಗಳನ್ನೂ ಕಣ್ಣ ಮುಂದಿರಿಸಿಕೊಳ್ಳುವ ಈ ವಿವೇಕವು ದೊಡ್ಡದು.

ಆದರೆ ಇಂತಹುದೇ ವಿವೇಕವು ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಸೀಮೆಯ ಹಳ್ಳಿಗಳಲ್ಲಿ ಯಾವ ವಿನ್ಯಾಸಕಾರನ ಹೆಸರೂ ಇಲ್ಲದೆ ಗುಂಡುತೋಪುಗಳ ರೂಪದಲ್ಲಿ ಬೆಳೆದುಬಂದಿದೆ. ಕ್ರುಂಬಿಗಲ್ ಹೂವನ್ನು ಋತುವಿಗೆ ಅನುಸಾರವಾಗಿ ಹೊಂದಿಸಿದರೆ, ತೋಪು ಫಲವನ್ನು ಹೊಂದಿಸಿತು. ಶಿವರಾತ್ರಿಯ ಆಸುಪಾಸಿನಲ್ಲಿ ಹುಣಸೆ, ಬೇಸಿಗೆಯಲ್ಲಿ ಹಿಪ್ಪೆಯ ಹೂವು, ಬಳಿಕ ಮಾವು ಮತ್ತು ಹಲಸು, ಮುಂಗಾರು ಹಿಡಿಯುವಾಗ ನೇರಳೆ. ಹೊಂಗೆಯ ಬೀಜ ದೀಪದ ಎಣ್ಣೆಗಾದರೆ, ಅದರ ಸೊಪ್ಪು ಗದ್ದೆಯ ಗೊಬ್ಬರಕ್ಕಾಯಿತು. ಸಂತೆಗೆ ಬಂದ ಗಾಡಿಗಳ ಎತ್ತುಗಳು ಅಲ್ಲಿ ದಣಿವಾರಿಸಿಕೊಂಡವು; ದಾರಿಹೋಕರು ಬುತ್ತಿ ಬಿಚ್ಚಿದರು; ಮಕ್ಕಳು ಬಿದ್ದ ಹಣ್ಣನ್ನು ಆಯ್ದರು. ಫಸಲಿನ ಹರಾಜಿನಿಂದ ಬಂದ ಹಣವು ಊರಿನ ಖರ್ಚಿಗೆ ಒದಗುತ್ತಿತ್ತು. ಮಲೆನಾಡಿನಲ್ಲಿ ಕಾನು ಮತ್ತು ಸೊಪ್ಪಿನಬೆಟ್ಟಗಳಿಗೆ ಇರುವ ಸ್ಥಾನವೇ ಬಯಲುಸೀಮೆಯಲ್ಲಿ ತೋಪಿನದು. ಅರಸನ ಬೇಲಿಯನ್ನು ತೆರೆಸಿ ಪಡೆದ ಉದ್ಯಾನ ಇದಲ್ಲ. ಹುಟ್ಟಿನಿಂದಲೇ ಇದು ಊರಿನದು.

ಹೀಗಿದ್ದೂ ಇಂದು ಉದ್ಯಾನಕ್ಕಿರುವ ಗೌರವ ತೋಪಿಗಿಲ್ಲ. ಪಹಣಿಯಲ್ಲಿ 'ಗುಂಡುತೋಪು' ಎಂದು ಬರೆದಿದ್ದರೂ, ನಿವೇಶನಕ್ಕೋ ಕಟ್ಟಡಕ್ಕೋ ಜಾಗ ಹುಡುಕುವ ಕಣ್ಣಿಗೆ ಅದು ಬರಿಯ ಖಾಲಿ ಜಮೀನು. ಮುದಿಮರ ಬಿದ್ದ ಕಡೆ ಸಸಿ ನೆಡುವವರಿಲ್ಲದಾಗ ತೋಪು ತೆಳುವಾಗುತ್ತದೆ. ತೆಳುವಾದ ತೋಪನ್ನು ಬೇರೊಂದು ಕೆಲಸಕ್ಕೆ ಕೊಡುವುದು ಸುಲಭವಾಗುತ್ತದೆ. ಡಾಬಸ್‌ಪೇಟೆಯ ಕಡೆಯಿಂದ ಕೈಗಾರಿಕೆಗಳೂ, ನೆಲಮಂಗಲದ ಕಡೆಯಿಂದ ಬಡಾವಣೆಗಳೂ ಬೆಳೆಯುತ್ತಿರುವಾಗ ತ್ಯಾಮಗೊಂಡ್ಲು ಹೋಬಳಿಯ ಹಳ್ಳಿಗಳಿಗೆ ಇದು ದೂರದ ಮಾತಲ್ಲ.

ತೋಪು ಕಸದ ಗುಡ್ಡೆಯಾಗಿದೆ, ಬೇಲಿ ಹಾಕಿ ಪಾರ್ಕ್ ಮಾಡಿದರೆ ಉಳಿಯುತ್ತದೆ ಎಂಬ ವಾದವೊಂದುಂಟು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ, ಕಾವಲಿಲ್ಲದ ಜಾಗ ಕೆಡುತ್ತದೆ. ಆದರೆ ಹುಲ್ಲುಹಾಸಿಗೆ ಬೇಸಿಗೆಯುದ್ದಕ್ಕೂ ನೀರು ಬೇಕು. ಕೊಳವೆಬಾವಿಯನ್ನೇ ನಂಬಿರುವ ಈ ಸೀಮೆಯಲ್ಲಿ ಆ ನೀರು ರೈತನ ಪಾಲಿನದು. ಬೇರುಬಿಟ್ಟ ಹುಣಸೆಯು ಯಾರಿಂದಲೂ ನೀರು ಕೇಳುವುದಿಲ್ಲ. ಇನ್ನು ಗೇಟಿಗೆ ಬೀಗ ಬಿದ್ದಮೇಲೆ ದನಗಾಹಿಗೂ, ಮಧ್ಯಾಹ್ನ ನೆರಳು ಬಯಸುವ ಕೂಲಿಕಾರಳಿಗೂ ಅಲ್ಲಿ ಎಡೆಯೆಲ್ಲಿ?

ನಗರಗಳ ಉದ್ಯಾನ, ಆಟದ ಬಯಲುಗಳಿಗೆ ಕರ್ನಾಟಕದಲ್ಲಿ 1985ರ ಪ್ರತ್ಯೇಕ ಅಧಿನಿಯಮದ ಆಸರೆಯಿದೆ. ಹಳ್ಳಿಯ ಸಾಮೂಹಿಕ ಭೂಮಿಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ತೀರ್ಪಿತ್ತು, ಇಂತಹ ಭೂಮಿಯ ಒತ್ತುವರಿಯನ್ನು ತೆರವುಗೊಳಿಸಲು ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ಸೂಚಿಸಿತು. ತೀರ್ಪು ಕಾಗದದಲ್ಲಿದೆ, ಅದನ್ನು ನೆಲಕ್ಕೆ ಇಳಿಸಬೇಕಾದುದು ಗ್ರಾಮಸಭೆ.

ಆದುದರಿಂದ ಪ್ರತಿ ಗ್ರಾಮಸಭೆಯೂ ಮೂರು ಕೆಲಸಗಳನ್ನು ಕೈಗೊಳ್ಳಲಿ. ಮೊದಲನೆಯದು, ತನ್ನ ತೋಪುಗಳ ಸರ್ವೆ ನಂಬರು, ವಿಸ್ತೀರ್ಣ, ಉಳಿದಿರುವ ಮರಗಳ ಪಟ್ಟಿಯನ್ನು ಸಿದ್ಧಪಡಿಸಿ, ಅಳತೆ ಮಾಡಿಸಿ ಗಡಿಕಲ್ಲು ನೆಡಿಸುವುದು. ಎರಡನೆಯದು, ಹಳೆಯ ಮರ ನಿಂತಿರುವಾಗಲೇ ಅದರ ಜಾತಿಯ ಸಸಿಯನ್ನು ಪಕ್ಕದಲ್ಲಿ ಬೆಳೆಸುವುದು. ಮೂರನೆಯದು, ಹೊಸ ಬಡಾವಣೆ ಬಂದಾಗ ತೋಪನ್ನು ಇದ್ದಂತೆಯೇ ಉಳಿಸಿ, ಅದರ ದಾರಿಗಳನ್ನು ಎಲ್ಲರಿಗೂ ತೆರೆದಿಡಬೇಕೆಂದು ಠರಾವು ಮಾಡುವುದು. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ತೋಪಿನ ಹೆಸರು ಬರುವಂತೆ ಇಲ್ಲಿ ಸೇರಿರುವವರು ಪ್ರಯತ್ನಿಸಬೇಕೆಂದು ವಿನಂತಿ.